ಎರವಲು ನಗು

ಸತ್ತವರ ಮುಖವನ್ನು ತಂದು ಬದುಕಿದವರಿಗೆ ಹೊಲಿದು ಕೂರಿಸುವುದು ಸರ್ಜನ್ನರ ಕೆಲಸ. ಹಾಗೆ ಕೂರಿಸಿದ ಮುಖಕ್ಕೆ ಹುಬ್ಬು ಎತ್ತಲು, ತುಟಿ ಮುಚ್ಚಲು, ನಗಲು ಕಲಿಸುವುದು ಮಂದಾಕಿನಿ ಮೊರಬಳ ಕೆಲಸ. ಸರ್ಜನ್ನರ ಕೆಲಸ ಒಂದು ಹಗಲಿನಲ್ಲಿ ಮುಗಿದು, ಮರುದಿನ ಪೇಪರಿನಲ್ಲಿ ಫೋಟೋ ಬರುತ್ತಿತ್ತು. ಮಂದಾಕಿನಿಯದು ತಿಂಗಳುಗಟ್ಟಲೆ ಎಳೆಯುವ ಕೆಲಸ. ಅದರ ಫೋಟೋ ಯಾರೂ ಹಿಡಿದಿರಲಿಲ್ಲ. ಈ ಬಗ್ಗೆ ಅವಳಿಗೆ ಒಳಗೊಳಗೇ ಸಿಟ್ಟಿತ್ತು, ಇದ್ದರೆ ತಪ್ಪೂ ಇಲ್ಲ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ಆ ಮುಖ ಕಸಿ ಕೇಂದ್ರವಿತ್ತು. ಹೊರಗಿನಿಂದ ನೋಡಿದವರು ಅದನ್ನು ಕಲ್ಯಾಣ ಮಂಟಪ ಅಂದುಕೊಳ್ಳುತ್ತಿದ್ದರು. ಅದರ ಎರಡನೇ ಮಹಡಿಯಲ್ಲಿ ಸಾಲಾಗಿ ಮೂರು ಕೋಣೆಗಳು, ನಡುನಡುವೆ ಗಾಜಿನ ಗೋಡೆ. ಎಡಗಡೆಯ ಕೋಣೆಯಲ್ಲಿ ರೋಗಿ, ಬಲಗಡೆಯ ಕೋಣೆಯಲ್ಲಿ ರೋಗಿಯ ರಕ್ತಸಂಬಂಧಿ, ನಡುವಿನ ಕೋಣೆಯಲ್ಲಿ ಯಂತ್ರಗಳ ಮುಂದೆ ಮಂದಾಕಿನಿ.

ಈ ಏರ್ಪಾಟು ಯಾಕೆ ಅನ್ನುವುದನ್ನು ಅವಳು ಹೊಸದಾಗಿ ಬಂದವರಿಗೆಲ್ಲ ಬಾಯಿಪಾಠದ ಹಾಗೆ ಹೇಳುತ್ತಿದ್ದಳು. ಕಸಿ ಮಾಡಿದ ಮುಖದಲ್ಲಿ ರಕ್ತ ಹರಿಯುತ್ತದೆ, ಆದರೆ ನರಗಳ ಸಂಪರ್ಕ ಇರುವುದಿಲ್ಲ. ರೋಗಿಯ ನರ ಹೊಸ ಮುಖದೊಳಗೆ ಬೆಳೆದು ತುಟಿ, ರೆಪ್ಪೆ ತಲುಪುವುದಕ್ಕೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಕೆಲಸವಿಲ್ಲದ ಸ್ನಾಯು ಸೊರಗಿಹೋಗುತ್ತದೆ. ಅದಕ್ಕೇ ಈಗ ಚರ್ಮದ ಅಡಿಯಲ್ಲಿ ಸೊಳ್ಳೆಪರದೆಗಿಂತ ತೆಳುವಾದ ಒಂದು ಜಾಲರಿ ಹಾಸುತ್ತಾರೆ. ಅದು ಸಣ್ಣಗೆ ಕರೆಂಟು ಕೊಟ್ಟು ಸ್ನಾಯುಗಳನ್ನು ಆಡಿಸುತ್ತದೆ. ಹೇಗೆ ಆಡಿಸಬೇಕು ಅನ್ನುವುದನ್ನು ಮೊದಮೊದಲು ಕಂಪ್ಯೂಟರಿನಿಂದ ತುಂಬಿಸಿದ್ದರು. ಆಗ ಎಲ್ಲ ರೋಗಿಗಳೂ ಒಂದೇ ಥರ ನಗತೊಡಗಿದರು, ಬಟ್ಟೆ ಅಂಗಡಿಯ ಗೊಂಬೆಗಳ ಹಾಗೆ. ಕನ್ನಡಿಯಲ್ಲಿ ಅದನ್ನು ನೋಡಿದ ರೋಗಿಯ ಮಿದುಳು ಇದು ನನ್ನದಲ್ಲ ಎಂದು ಕೈಬಿಟ್ಟುಬಿಡುತ್ತಿತ್ತು. ಆಮೇಲೆ ಯಾರಿಗೋ ಹೊಳೆಯಿತು. ಅಕ್ಕತಂಗಿಯರ ನಗು, ಅಣ್ಣತಮ್ಮಂದಿರ ಸಿಡುಕು ಒಂದೇ ಅಚ್ಚಿನವು. ಜೊತೆಯಲ್ಲಿ ಹುಟ್ಟಿ ಬೆಳೆದವರ ಮುಖ ಆಡುವ ರೀತಿ ಮಿದುಳಿಗೆ ಚಿಕ್ಕಂದಿನಿಂದ ಗೊತ್ತು. ಹಾಗಾಗಿ ರಕ್ತಸಂಬಂಧಿಯ ಮುಖಕ್ಕೆ ಈರುಳ್ಳಿ ಸಿಪ್ಪೆಯಂಥ ಪಾರದರ್ಶಕ ಪೊರೆಯೊಂದನ್ನು ಅಂಟಿಸುತ್ತಾರೆ. ಅವರ ಮುಖ ಹೇಗೆ ಆಡುತ್ತದೋ ಗಾಜಿನಾಚೆ ರೋಗಿಯ ಮುಖವೂ ಅದೇ ಕ್ಷಣಕ್ಕೆ ಹಾಗೆಯೇ ಆಡುತ್ತದೆ. ರೋಗಿ ಕನ್ನಡಿ ನೋಡುತ್ತಾ ಮನಸ್ಸಿನಲ್ಲಿ ತಾನೂ ನಗಲು ಹೆಣಗುತ್ತಾಳೆ. ನರ ಬಂದು ತಲುಪುವ ಹೊತ್ತಿಗೆ ಮಿದುಳು ದಾರಿ ಕಲಿತಿರುತ್ತದೆ.

ಈ ಸಲದ ರೋಗಿ ತುಳಜಾ. ಹಳೇ ಹುಬ್ಬಳ್ಳಿಯಲ್ಲಿ ಮನೆಯ ಮುಂದೆಯೇ ಗಿರ್ಮಿಟ್ ಚುರುಮುರಿ, ಮಿರ್ಚಿ ಭಜಿ ಮಾಡಿ ಮಾರುತ್ತಿದ್ದವಳು. ಅವಳ ಮಿರ್ಚಿಗಿಂತ ಅವಳ ಮಾತೇ ಖಾರ ಎಂದು ಗಿರಾಕಿಗಳು ಹೇಳುತ್ತಿದ್ದರಂತೆ. ಒಂದು ಸಂಜೆ ಸಿಲಿಂಡರ್ ಸಿಡಿದು ಹಣೆಯಿಂದ ಗದ್ದದವರೆಗೆ ಏನೂ ಉಳಿಯಲಿಲ್ಲ. ಕಣ್ಣು ಉಳಿದದ್ದೇ ದೊಡ್ಡದು. ಪುಣ್ಯಕ್ಕೆ ಹೊಂದುವ ಮುಖ ಬೇಗ ಸಿಕ್ಕಿತು. ಕಸಿಯೂ ಚೆನ್ನಾಗಿ ಆಯಿತು. ಊತ ಇಳಿದ ಮೇಲೆ ಕನ್ನಡಿಯಲ್ಲಿ ಮೊದಲ ಸಲ ನೋಡಿಕೊಂಡ ತುಳಜಾ, "ನನ್ನ ಹಳೇದಕ್ಕಿಂತ ಚಂದ ಐತಲ್ರಿ ಮೇಡಂ, ನಮ್ಮ ಮನಿಯವರು ಎರಡನೇ ಲಗ್ನ ಆದಂಗ ಆತು" ಅಂದಿದ್ದಳು. ತುಟಿ ಮುಚ್ಚಲು ಬಾರದೆ ಅರ್ಧ ಅಕ್ಷರಗಳು ಗಾಳಿಯಾಗಿ ಹೋಗುತ್ತಿದ್ದವು. ಆದರೂ ಮಂದಾಕಿನಿಗೆ ಅರ್ಥವಾಗಿ ನಗು ತಡೆಯಲಾಗಲಿಲ್ಲ. ಇಂಥ ರೋಗಿ ಸಿಗುವುದು ಅಪರೂಪ ಅಂತ ಅವಳಿಗೆ ಆವತ್ತೇ ಅನಿಸಿತು.

ತುಳಜಾಳಿಗೆ ಐದು ವರ್ಷದ ಮಗನಿದ್ದ, ಓಂಕಾರ. ಎಲ್ಲರ ಬಾಯಲ್ಲಿ ಓಮಿ. ಸಿಲಿಂಡರ್ ಸಿಡಿಯುವ ಮೊದಲು ಅವಳು ಅವನನ್ನು ಕೊತ್ತಂಬರಿ ತರಲು ಮೂಲೆಯಂಗಡಿಗೆ ಕಳಿಸಿದ್ದಳು. ಅವಳಿಗೆ ಪ್ರಜ್ಞೆ ಬಂದಾಗ ಎಲ್ಲರೂ ಹೇಳಿದ ಮೊದಲ ಮಾತು ಅದೇ: ಓಮಿ ಅಂಗಡಿಯಲ್ಲಿದ್ದ, ಏನೂ ಆಗಿಲ್ಲ, ಚಿಕ್ಕಮ್ಮ ಅಂಬಿಕಾಳ ಹತ್ತಿರ ಇದ್ದಾನೆ. ಕಸಿಯಾದವರಿಗೆ ಸೋಂಕು ತಗುಲಬಾರದೆಂದು ಮಕ್ಕಳನ್ನು ವಾರ್ಡಿಗೆ ಬಿಡುತ್ತಿರಲಿಲ್ಲ. ಜಾಲರಿಗೆ ತೊಂದರೆಯೆಂದು ಫೋನನ್ನೂ ಬಿಡುತ್ತಿರಲಿಲ್ಲ. ತುಟಿ ಮುಚ್ಚಲು, ಒಂದಿಷ್ಟು ನಗಲು ಬಂದ ಮೇಲೆ ಮಗನನ್ನು ಗಾಜಿನಾಚೆಯಿಂದ ತೋರಿಸೋಣ ಎಂದು ಸರ್ಜನ್ ಡಾಕ್ಟರ್ ಹಳ್ಯಾಳರು ಮಾತು ಕೊಟ್ಟಿದ್ದರು. ತುಳಜಾಳಿಗೆ ಬೇಕಾಗಿದ್ದುದು ಅದೊಂದೇ.

"ಅಂವ ಹೆದರಬಾರ್ದು ನೋಡ್ರಿ ಮೇಡಂ," ಎಂದು ದಿನಾ ಹೇಳುತ್ತಿದ್ದಳು. "ಯಾರೋ ಹೆಂಗಸು ಅಂದ್ಕೊಂಡು ಓಡಿಹೋದ ಅಂದ್ರ ನಾ ಮತ್ತ ಸಿಲಿಂಡರ್ ಮುಂದ ಹೋಗಿ ಕುಂದರ್ತೀನಿ. ನಕ್ಕರ ಸಾಕು, ನಮ್ಮವ್ವನ ಅಂತ ಗುರ್ತ ಹಿಡೀತಾನ."

ಅದಕ್ಕೇ ಮಂದಾಕಿನಿ ಒಂದು ಉಪಾಯ ಮಾಡಿದ್ದಳು. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ ಉಪಾಯ. ಬಾಯಿಯ ಕಸರತ್ತಿಗೆ ಪುಸ್ತಕದಲ್ಲಿರುವ ಒಣ ಅಕ್ಷರಗಳೇಕೆ? 'ಓ' ಎಂದರೆ ತುಟಿ ದುಂಡಗಾಗಬೇಕು. 'ಮ' ಎಂದರೆ ಎರಡೂ ತುಟಿ ಪೂರ್ತಿ ಮುಚ್ಚಬೇಕು, ಕಸಿಯಾದವರಿಗೆ ಅದೇ ಎಲ್ಲಕ್ಕಿಂತ ಕಷ್ಟ. 'ಇ' ಎಂದರೆ ಬಾಯಿ ಅಗಲವಾಗಿ ನಗುವಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಮೂರೂ ಕಸರತ್ತು ಒಂದೇ ಹೆಸರಿನಲ್ಲಿತ್ತು. ಹಾಗಾಗಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆ ಕೋಣೆಗಳಲ್ಲಿ ಅದೇ ಹೆಸರು. ಬಲಗಡೆಯ ಕೋಣೆಯಲ್ಲಿ ತುಳಜಾಳ ತಂಗಿ ಅಂಬಿಕಾ ಪೊರೆ ಹಚ್ಚಿಕೊಂಡು "ಓ...ಮಿ" ಎನ್ನಬೇಕು. ಎಡಗಡೆ ತುಳಜಾ "ಓ...ಮಿ" ಎನ್ನಬೇಕು. ನಡುವೆ ಮಂದಾಕಿನಿ ಮೈಕಿನಲ್ಲಿ, "ಇನ್ನೊಮ್ಮೆ, ಓಮೀನ ಕರೀರಿ, ಜೋರಾಗಿ ಕರೀರಿ, ಅಂವಗ ಕೇಳಬೇಕು" ಎಂದು ಹುರಿದುಂಬಿಸುವಳು.

ಅಂಬಿಕಾ ತಪ್ಪದೆ ಬರುತ್ತಿದ್ದಳು. ಅಕ್ಕನಿಗಿಂತ ಮೂರ್ನಾಲ್ಕು ವರ್ಷ ಚಿಕ್ಕವಳು, ಮಾತು ಕಡಿಮೆ. ಬಂದವಳೇ ಮೈಕಿನ ಮುಂದೆ ಕುಳಿತು ಅಕ್ಕನಿಗೆ ಓಮಿಯ ಸುದ್ದಿ ಹೇಳಬೇಕು, ಅದಾದ ಮೇಲೆಯೇ ತುಳಜಾ ಕಸರತ್ತಿಗೆ ಕೂರುತ್ತಿದ್ದದ್ದು. "ಇವತ್ತ ಹಾಲು ಕುಡೀಲಿಲ್ಲಕ್ಕಾ, ಬೆಕ್ಕಿಗೆ ಹಾಕಿಬಿಟ್ಟ." "ಮುಂದಿನ ಹಲ್ಲು ಅಳ್ಳಾಡಾಕತ್ತೈತಿ, ನಾಲಿಗಿಲೆ ದೂಡ್ತಾ ಕುಂದರ್ತಾನ." "ಅವ್ವಗ ಹೊಸಾ ಮುಖ ಬಂದೈತಿ ಅಂತ ಓಣಿತುಂಬ ಹೇಳ್ಕೋತ ಹೊಂಟಾನ." ಕೇಳುತ್ತಾ ಕೇಳುತ್ತಾ ತುಳಜಾಳ ಕಣ್ಣುಗಳು ಅಗಲವಾಗುತ್ತಿದ್ದವು. ಮಂದಾಕಿನಿಗೂ ಆ ಹುಡುಗನನ್ನು ಎಂದೋ ನೋಡಿದಂತೆ ಆಗಿಬಿಟ್ಟಿತ್ತು.

ಆದರೆ ಅಂಬಿಕಾಳ ನಗುವಿನಲ್ಲಿ ಏನೋ ಕೊರತೆಯಿತ್ತು. ತುಟಿ ಹಿಗ್ಗುತ್ತಿತ್ತು, ಕೆನ್ನೆ ಏಳುತ್ತಿತ್ತು, ಕಣ್ಣಿನ ಸುತ್ತಲಿನ ಸ್ನಾಯು ಮಾತ್ರ ಕದಲುತ್ತಿರಲಿಲ್ಲ. ಕೊಡುವವಳ ಮುಖದಲ್ಲಿ ಇಲ್ಲದ್ದು ಪಡೆಯುವವಳ ಮುಖಕ್ಕೆ ಬರುವುದೆಲ್ಲಿಂದ? ತುಳಜಾಳ ಹೊಸ ಮುಖ ನಕ್ಕಾಗ ಕೆಳಗಿನ ಅರ್ಧ ಮಾತ್ರ ನಗುತ್ತಿತ್ತು.

"ಕಣ್ಣಾಗ ನಗ್ರಿ ಅಂಬಿಕಾ, ಕಣ್ಣಾಗ," ಎಂದು ಮಂದಾಕಿನಿ ಹೇಳಿ ಹೇಳಿ ಸಾಕಾಗಿ, ಒಂದು ದಿನ ಗದರಿಯೂ ಬಿಟ್ಟಳು. "ನಿಮ್ಮ ಅಕ್ಕ ಸಾವಿನ ಬಾಯಿಂದ ಎದ್ದು ಬಂದು ನಗಾಕ ಕಲಿಯಾಕತ್ತಾಳ. ನಿಮಗ ಒಂದು ನಗು ಕೊಡಾಕ ಅಷ್ಟು ಜಿಪುಣತನ ಯಾಕ?"

"ತಪ್ಪಾತ್ರಿ ಮೇಡಂ," ಅಂದಳು ಅಂಬಿಕಾ. "ಇನ್ನೊಮ್ಮೆ ಮಾಡ್ತೀನ್ರಿ." ಇನ್ನೊಮ್ಮೆ ಮಾಡಿದಳು. ಮತ್ತೆ ಅದೇ.

ಪೊರೆಯೇ ಕೆಟ್ಟಿರಬೇಕು ಎಂದು ಮಂದಾಕಿನಿ ಎಂಜಿನಿಯರನ್ನು ಕರೆಸಿದಳು. ಆತ ಪರೀಕ್ಷಿಸಿ, ಪೊರೆ ಸರಿಯಾಗಿದೆ ಅಂದ. ಅವಳು ಬಿಡಲಿಲ್ಲ. ಕೊನೆಗೆ ಆತ ಕಣ್ಣಿನ ಭಾಗದ ಸೂಕ್ಷ್ಮತೆಯನ್ನು ಇದ್ದುದಕ್ಕಿಂತ ಹಲವು ಪಟ್ಟು ಏರಿಸಿಕೊಟ್ಟ. "ಇನ್ನ ಆಕಿ ಒಂದು ಚೂರು ಕಣ್ಣು ಮಿಸುಕಿದ್ರೂ ಈಕಿ ಮುಖದಾಗ ಜೋರಾಗಿ ಕಾಣ್ತೈತ್ರಿ," ಎಂದು ಹೇಳಿ ಹೋದ. ಆದರೂ ನಗು ಕಣ್ಣಿಗೆ ಏರಲಿಲ್ಲ.

ಮಂದಾಕಿನಿಯ ಗಂಡ ವಿರೂಪಾಕ್ಷ ಲಗ್ನದ ಫೋಟೋ ತೆಗೆಯುವವನು. ಅವರ ಮನೆಯಲ್ಲಿ ಇಬ್ಬರ ಕಸುಬೂ ಮುಖವೇ. ಊಟಕ್ಕೆ ಕೂತರೂ ಮಾತು ಅಲ್ಲಿಗೇ ಬರುತ್ತಿತ್ತು. ಆವತ್ತು ಚಪಾತಿ ಲಟ್ಟಿಸುತ್ತಾ ಮಂದಾಕಿನಿ ತನಗೆ ಗೊತ್ತಿಲ್ಲದೆ ತುಟಿ ದುಂಡಗೆ ಮಾಡುವುದು, ಅಗಲ ಮಾಡುವುದು ನಡೆಸಿದ್ದಳು. ಮಗಳು ಮೇಘಾ ಎದುರಿಗೆ ನಿಂತು ಅದನ್ನೇ ಅಣಕಿಸಿ ನಗುತ್ತಿದ್ದಳು.

"ಎಷ್ಟು ಬಡ್ಕೊಂಡ್ರೂ ಆ ಹುಡುಗಿ ಕಣ್ಣಾಗ ನಗವಲ್ಲಳು ನೋಡ್ರಿ," ಅಂದಳು ಮಂದಾಕಿನಿ. "ಅಕ್ಕನ ಮ್ಯಾಲೆ ಪ್ರೀತಿ ಇಲ್ಲ ಅಂತೇನಿಲ್ಲ. ಬಿಸಲಾಗ ಎರಡು ಬಸ್ ಬದಲಿಸಿ ಬರ್ತಾಳ. ನಗು ಮಾತ್ರ ಕಟ್ಟಿಗೀಹಂಗ."

ವಿರೂಪಾಕ್ಷ ಚಪಾತಿ ಮುರಿಯುತ್ತಾ ನಕ್ಕ. "ನಗ್ರಿ ಅಂದ್ರ ಯಾರ ನಗ್ತಾರ? ಮದುಮಗಳಿಗೆ ನಾ ಎಂದೂ ನಗು ಅಂತ ಹೇಳೂದಿಲ್ಲ. ಸೆಟೆದು ನಿಂತಿರ್ತಾಳಲ್ಲ, ಎರಡು ಫೋಟೋ ಹೊಡದು, 'ಮುಗೀತವ್ವಾ, ಆರಾಮಾಗಿ ಕುಂದ್ರು' ಅಂತ ಹೇಳಿ ಕ್ಯಾಮೆರಾ ಇಳಸ್ತೀನಿ. ಆವಾಗ ಗೆಳತ್ಯಾರ ಕಡೆ ತಿರುಗಿ ನಗ್ತಾಳ ನೋಡು, ಅದು ನಗು. ಸೊಂಟದ ಮಟ್ಟದಿಂದನ ಒತ್ತಿಬಿಡ್ತೀನಿ. ಆಲ್ಬಮ್‌ದಾಗ ಎಲ್ಲಾರೂ ಮೆಚ್ಚೂದು ಅದನ್ನ."

ಮಂದಾಕಿನಿ ಲಟ್ಟಣಿಗೆ ನಿಲ್ಲಿಸಿ ಗಂಡನ ಮುಖ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಇವನಿಂದ ಒಂದು ಉಪಯೋಗದ ಮಾತು ಬಂತಲ್ಲ ಎಂದು ಅವಳಿಗೆ ಖುಷಿಯಾಯಿತು.

ಮರುದಿನ ಬೆಳಿಗ್ಗೆಯ ಕಸರತ್ತು ಎಂದಿಗಿಂತ ಚೆನ್ನಾಗಿ ನಡೆಯಿತು. ಅಂಬಿಕಾ 'ಮಿ' ಎಂದಾಗ ತುಳಜಾಳ ಎರಡೂ ತುಟಿ ಮೊದಲ ಸಲ ಪೂರ್ತಿ ಕೂಡಿಕೊಂಡು ಹೆಸರು ಹೆಸರಾಗಿಯೇ ಹೊರಬಂತು. ಗಾಳಿ ಸೋರಲಿಲ್ಲ. ತುಳಜಾ ಕನ್ನಡಿಯ ಮುಂದೆ ಚಪ್ಪಾಳೆ ಹೊಡೆದಳು.

"ಕೇಳಿದ್ರೇನ್ರೀ? ಕೇಳಿದೇನ ಅಂಬಿ? ನಿಮ್ಮ ಡಾಕ್ಟರಿಗೆ ಹೇಳ್ರಿ ಮೇಡಂ, ಈ ಸೋಮಾರ ಕರಸ್ರಿ ಅಂವನ್ನ!"

"ಹೇಳ್ತೇನಿ," ಅಂದಳು ಮಂದಾಕಿನಿ. "ಈಗ ಮುಗೀತು, ಇಬ್ಬರೂ ಆರಾಮಾಗಿ ಕುಂದರ್ರಿ. ನಾ ಚಹಾ ತರ್ತೀನಿ."

ಮುಗೀತು ಅಂದಳೇ ಹೊರತು ಸಂಪರ್ಕ ಕಡಿಯುವ ಗುಂಡಿಯನ್ನು ಒತ್ತಲಿಲ್ಲ. ಮೈಕನ್ನು ಮಾತ್ರ ಆರಿಸಿದಳು. ಜಾಲರಿ ಜೀವಂತವಾಗಿತ್ತು, ಪೊರೆ ಜೀವಂತವಾಗಿತ್ತು, ಯಂತ್ರ ಎಲ್ಲವನ್ನೂ ದಾಖಲಿಸಿಕೊಳ್ಳುತ್ತಿತ್ತು. ಒಂದೇ ಒಂದು ನಿಜವಾದ ನಗು ಸಿಕ್ಕರೆ ಸಾಕು, ಅದನ್ನು ತುಳಜಾಳ ಕೆನ್ನೆಯ ಮೇಲೆ ದಿನಕ್ಕೆ ಹತ್ತು ಸಲ ಆಡಿಸಬಹುದು. ಎರಡು ಲೋಟ ಚಹಾ ಹಿಡಿದು ಅವಳು ಬಲಗಡೆಯ ಕೋಣೆಗೆ ಹೋಗಿ ಅಂಬಿಕಾಳ ಪಕ್ಕದಲ್ಲಿ ಕುಳಿತಳು. ಅಂಬಿಕಾ ಪೊರೆ ತೆಗೆಯಲು ಕೈ ಎತ್ತಿದಾಗ, "ಇರ್ಲಿ, ಆಮ್ಯಾಲೆ ನಾನ ತಗೀತೀನಿ, ಹರದುಗಿರದೀತು" ಎಂದಳು.

ಇಬ್ಬರೂ ಎರಡು ಗುಟುಕು ಚಹಾ ಕುಡಿದರು. ಆಮೇಲೆ ಮಂದಾಕಿನಿ, ನಗು ತರಿಸಲು ಇದಕ್ಕಿಂತ ಒಳ್ಳೆಯ ವಿಷಯ ಇನ್ನೊಂದಿಲ್ಲ ಎಂದುಕೊಂಡು, ಮೆಲ್ಲಗೆ ಕೇಳಿದಳು.

"ಅಲ್ರೀ ಅಂಬಿಕಾ, ಈ ಓಮಿ ಭಾಳ ಕಿತಾಪತಿ ಅದಾನಂತಲ್ಲ. ನಿಮಗ ಎಲ್ಲಾಕಿಂತ ನಗು ಬಂದ ಒಂದು ಕಿತಾಪತಿ ಹೇಳ್ರಿ ನೋಡೂಣು."

ಅಂಬಿಕಾ ಲೋಟ ಕೆಳಗಿಟ್ಟಳು. ತುಟಿ ಅಭ್ಯಾಸದಂತೆ ಹಿಗ್ಗಿತು. ಹಿಗ್ಗಿದ್ದು ಹಾಗೆಯೇ ನಿಂತಿತು. ನೋಡನೋಡುತ್ತಿದ್ದಂತೆ ಕಣ್ಣಿನ ಸುತ್ತಲಿನ ಸ್ನಾಯು, ಅಷ್ಟು ದಿನ ಗದರಿದರೂ ಕದಲದಿದ್ದದ್ದು, ಗಟ್ಟಿಯಾಗಿ ಹಿಂಡಿಕೊಂಡಿತು.

"ಅಂವ ಇಲ್ರಿ ಮೇಡಂ," ಅಂದಳು.

"ಎಲ್ಲಿಗೆ ಹೋಗ್ಯಾನ?"

"ಅಂವ ಇಲ್ಲರೀ. ಅವತ್ತ ಹೋದ. ಕೊತ್ತಂಬರಿ ತಗೊಂಡು ಓಡಿ ಬಂದಾನ. ಅಕ್ಕನ ಹಿಂದಽ ನಿಂತಿದ್ದ. ಅಕ್ಕಗ ಗೊತ್ತಿಲ್ಲ. ಆಪರೇಷನ್ ಆಗೂತನ ಹೇಳಬ್ಯಾಡ್ರಿ ಅಂದ್ರು, ಆಮ್ಯಾಲೆ ಗಾಯ ಒಣಗೂತನ ಅಂದ್ರು, ಈಗ ಮುಖ ಹತ್ತಿಕೊಳ್ಳೂತನ ಅಂತಾರ. ದಿನಾ ಬಸ್ಸಿನಾಗ ಕುಂತು ಅಂವ ಇವತ್ತ ಏನ ಮಾಡಿದ ಅಂತ ಹೇಳಲಿ ಅಂತ ಹುಡುಕ್ತೀನ್ರಿ. ಹಲ್ಲು ಅಳ್ಳಾಡಾಕತ್ತೈತಿ ಅಂದೆ. ಈಗ ಬಿತ್ತು ಅಂತ ಹೇಳಬೇಕು. ಎಷ್ಟು ಹಲ್ಲು ಬೀಳಿಸ್ಲಿರಿ ನಾ?"

ಮಂದಾಕಿನಿ ತನ್ನ ಲೋಟವನ್ನೂ ಕೆಳಗಿಟ್ಟಳು. ತಲೆಯೊಳಗೆ ತನ್ನದೇ ದನಿ ಕೇಳುತ್ತಿತ್ತು: ಓಮೀನ ಕರೀರಿ, ಜೋರಾಗಿ ಕರೀರಿ, ಅಂವಗ ಕೇಳಬೇಕು. ಎಷ್ಟು ಸಲ ಕೂಗಿಸಿದ್ದಳು! ಈ ಹುಡುಗಿಯಿಂದಲೂ ಕೂಗಿಸಿದ್ದಳು. ನಗು ಕೊಡಲು ಜಿಪುಣತನ ಯಾಕೆ ಎಂದು ಕೇಳಿದ್ದಳು.

ಅಂಬಿಕಾ ಈಗ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ತಿಂಗಳುಗಟ್ಟಲೆ ತಡೆದದ್ದು ಒಮ್ಮೆಗೇ ಕಟ್ಟೆ ಒಡೆದಿತ್ತು. ಮಂದಾಕಿನಿ ಅವಳ ಭುಜ ಹಿಡಿಯಲು ಕೈ ಚಾಚಿದವಳು ಅರ್ಧದಲ್ಲೇ ನಿಂತಳು. ಅಂಬಿಕಾಳ ಒದ್ದೆ ಕೆನ್ನೆಯ ಮೇಲೆ ಪೊರೆ ಮಿನುಗುತ್ತಿತ್ತು.

ಗುಂಡಿ ಒತ್ತಿರಲಿಲ್ಲ.

ಎರಡು ಗಾಜಿನ ಗೋಡೆಗಳಾಚೆ ತುಳಜಾ ಕನ್ನಡಿಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಮೈ ಅಲುಗುತ್ತಿರಲಿಲ್ಲ. ಕೈಗಳು ತೊಡೆಯ ಮೇಲಿದ್ದವು. ಮುಖ ಮಾತ್ರ ಅಳುತ್ತಿತ್ತು. ಹುಬ್ಬು ಕೂಡಿ, ಕಣ್ಣು ಹಿಂಡಿ, ತುಟಿ ಎರಡೂ ಕಡೆ ಕೆಳಗೆ ಜಗ್ಗಿ, ಎಂಜಿನಿಯರ್ ಏರಿಸಿಕೊಟ್ಟಿದ್ದ ಸೂಕ್ಷ್ಮತೆಯಿಂದಾಗಿ ತಂಗಿಗಿಂತ ಜೋರಾಗಿ ಅಳುತ್ತಿತ್ತು. ದನಿಯಿಲ್ಲ, ನೀರಿಲ್ಲ. ಆ ಅಳುವ ಮುಖದೊಳಗಿಂದ ತುಳಜಾಳ ಎರಡು ಒಣ ಕಣ್ಣು ಕನ್ನಡಿಯನ್ನು ದಿಟ್ಟಿಸಿ ನೋಡುತ್ತಿದ್ದವು.

ಮಂದಾಕಿನಿ ಓಡಿದಳು. ನಡುವಿನ ಕೋಣೆಗೆ ಬಂದು ಗುಂಡಿಯ ಮೇಲೆ ಅಂಗೈ ಅಪ್ಪಳಿಸಿದಳು. ತುಳಜಾಳ ಮುಖ ಸಡಿಲಾಗಿ, ಏನೂ ಆಗದಂತೆ ಶಾಂತವಾಯಿತು. ಅದನ್ನು ನೋಡಿ ಮಂದಾಕಿನಿಗೆ ಇನ್ನೂ ಭಯವಾಯಿತು.

ಸುದ್ದಿ ತಿಳಿದು ಡಾಕ್ಟರ್ ಹಳ್ಯಾಳರು ಏದುಸಿರು ಬಿಡುತ್ತಾ ಮೇಲೆ ಬಂದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನರ್ಸುಗಳಿಗೆ ಗೊತ್ತಿತ್ತು. ಊಟದ ತಟ್ಟೆ ಒಯ್ಯುವವಳಿಗೂ ಗೊತ್ತಿತ್ತು.

"ನನಗೊಬ್ಬಾಕಿಗೆ ಯಾಕ ಹೇಳಲಿಲ್ರಿ ಸರ್?" ಮಂದಾಕಿನಿ ಅವರಿಗೆ ಅಡ್ಡ ನಿಂತು ಕೇಳಿದಳು. "ದಿನಾ ಆ ಹೆಸರು ಹಿಡದು ಕುಣಿಸಿದೆ ಆಕೀನ್ನ. ನೀವು ಕೇಳ್ಕೋತ ಬಾಗಲದಾಗ ನಿಂತಿರ್ತಿದ್ರಿ."

"ನಿಮ್ಮ ಮುಖ ಸುಳ್ಳು ಹೇಳೂದಿಲ್ಲ ಮಂದಾಕಿನಿ, ಅದಕ್ಕ ಹೇಳಲಿಲ್ಲ," ಅಂದರು ಹಳ್ಯಾಳ. ಒಳ್ಳೆಯ ಮನುಷ್ಯ, ತಪ್ಪು ಮಾಡಿದ್ದೇನೆ ಎಂಬ ಭಾವನೆ ಅವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. "ಮನಿ ಮಂದಿನ ಬಂದು ಕೈಮುಗದು ಕೇಳ್ಕೊಂಡ್ರು. ನನಗೂ ಅದಽ ಸರಿ ಅನ್ನಿಸ್ತು. ಇಂಥಾ ಆಘಾತಕ್ಕ ಮೈ ಹೊಸಾ ಮುಖಾನ ತಿರಸ್ಕರಿಸಿಬಿಟ್ರ ಆಕಿ ಉಳಿಯೂದಿಲ್ಲ. ನೀವು ಹುರುಪಿನಿಂದ ಕಲಿಸಿದ್ರಿ, ಆಕಿ ಹುರುಪಿನಿಂದ ಕಲಿತಳು. ಎಲ್ಲಾ ಚಲೋನ ನಡದಿತ್ತಲ್ಲ? ಈಗ ಒಂದು ಕೆಲಸ ಮಾಡ್ರಿ. ತಂಗಿಗೆ ಹೊಟ್ಟಿ ನೋವು ಬಂದಿತ್ತು, ನಾ ಗುಂಡಿ ಆರಿಸೂದು ಮರ್ತೆ ಅಂತ ಹೇಳ್ರಿ. ಒಂದು ನಿದ್ದಿ ಇಂಜೆಕ್ಷನ್ ಕೊಡ್ತೀನಿ. ನಾಳೆ ಎಲ್ಲಾ ಸರಿಹೋಗ್ತದ."

ಮಂದಾಕಿನಿ ಮುಖಗವಸು ಹಾಕಿಕೊಂಡು, ಕೈಗೆ ಸೋಂಕುನಿವಾರಕ ಹಚ್ಚಿಕೊಂಡು ಎಡಗಡೆಯ ಕೋಣೆಯ ಬಾಗಿಲು ತೆರೆದಳು. ಹೊಟ್ಟೆನೋವು ಎಂದು ಹೇಳಬೇಕೋ ಬೇಡವೋ ಎಂಬುದು ಅವಳಿಗೆ ಆ ಕ್ಷಣಕ್ಕೂ ಗೊತ್ತಿರಲಿಲ್ಲ. ಕಾಲು ನಡೆದದ್ದಕ್ಕೆ ನಡೆದಳು.

ತುಳಜಾ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಜಾಲರಿ ಆರಿದ ಮುಖದಿಂದ ಮಾತು ಮತ್ತೆ ಗಾಳಿಯಾಗಿ ಸೋರುತ್ತಿತ್ತು. ಆದರೆ ಮಂದಾಕಿನಿಗೆ ಒಂದಕ್ಷರವೂ ತಪ್ಪಲಿಲ್ಲ.

"ಅಂಬಿ ಅತ್ತಳಲ್ರಿ?"

"ಹೌದು... ಆಕಿಗೆ ಸ್ವಲ್ಪ ಹೊಟ್ಟಿ..."

"ಹೊಟ್ಟಿ ನೋವಿಗೆ ಆಕಿ ಅಳೂದಿಲ್ರಿ. ಸಣ್ಣಾಕಿದ್ದಾಗ ಕೈ ಮುರಕೊಂಡಿದ್ದಳು, ಆವಾಗೂ ತುಟಿ ಕಚ್ಚಿಕೊಂಡು ಕುಂತಿದ್ಲು. ಹಿಂಗ ಬಾಯಿ ಎರಡೂ ಕಡಿ ಜಗ್ಗಿ ಅತ್ತದ್ದು ನಾ ಒಂದಽ ಸಲ ನೋಡೀನಿ. ನಮ್ಮವ್ವ ಹೋದಾಗ." ತುಳಜಾ ಈಗ ತಿರುಗಿ ಮಂದಾಕಿನಿಯನ್ನು ನೋಡಿದಳು. "ಯಾರು ಹೋಗ್ಯಾರ ಹೇಳ್ರಿ ಮೇಡಂ. ನಮ್ಮ ಮನಿಯವರಲ್ಲ, ನಿನ್ನೆ ಸಂಜಿಕ ಗಾಜಿನಾಚೆ ನಿಂತು ಕೈ ಮಾಡಿ ಹೋಗ್ಯಾರ. ನಮ್ಮಪ್ಪ ಮೊದಲ ಇಲ್ಲ. ಅಂಬೀದು ಇನ್ನೂ ಲಗ್ನ ಆಗಿಲ್ಲ. ಮತ್ತ್ಯಾರದಾರ್ರಿ ನಮಗ?"

ಮುಖಗವಸಿನ ಮೇಲೆ ಮಂದಾಕಿನಿಯ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅಷ್ಟು ಸಾಕಾಯಿತು. ಇಷ್ಟು ದಿನ ಕಣ್ಣಾಗ ನಗ್ರಿ, ಕಣ್ಣಾಗ ನಗ್ರಿ ಎಂದು ಪಾಠ ಹೇಳಿದವಳ ಕಣ್ಣನ್ನು ತುಳಜಾ ಓದಿಬಿಟ್ಟಳು.

"ಓ..." ಅಂದಳು.

ತುಟಿ ಮುಚ್ಚಲಿಲ್ಲ. ಹೆಸರಿನ ಉಳಿದರ್ಧ ಬರಲಿಲ್ಲ. "ಓ..." ಎಂದು ಮತ್ತೊಮ್ಮೆ ಎಂದಳು, ಇನ್ನೊಮ್ಮೆ ಎಂದಳು. ಅದು ಕರೆಯೋ ಕೂಗೋ ಮಂದಾಕಿನಿಗೆ ತಿಳಿಯಲಿಲ್ಲ. ಎದೆ ಏರಿಳಿಯುತ್ತಿತ್ತು, ಮುಷ್ಟಿ ಬಿಗಿದು ತೊಡೆಗೆ ಗುದ್ದಿಕೊಳ್ಳುತ್ತಿದ್ದಳು, ಕುರ್ಚಿ ಕಟಕಟ ಅಲುಗುತ್ತಿತ್ತು. ಮಂದಾಕಿನಿ ಅವಳ ಎರಡೂ ಕೈ ಹಿಡಿದು ಎದುರಿಗೆ ನೆಲದ ಮೇಲೆ ಕುಳಿತಳು. "ಅವತ್ತಽ ಏನ್ರಿ?" ಎಂದು ತುಳಜಾ ಕೇಳಿದಾಗ ತಲೆಯಾಡಿಸಿದಳು. "ಕೊತ್ತಂಬರಿ ತಂದಿದ್ನೇನ್ರಿ?" ಎಂದು ಕೇಳಿದಾಗಲೂ ತಲೆಯಾಡಿಸಿದಳು.

ಕಣ್ಣೀರಿನ ಗ್ರಂಥಿಗಳು ತುಳಜಾಳ ಸ್ವಂತದವು, ಬೆಂಕಿಯಲ್ಲಿ ಉಳಿದವು. ಅವಕ್ಕೆ ಯಾರೂ ಏನೂ ಕಲಿಸಬೇಕಾಗಿರಲಿಲ್ಲ. ನೀರು ಧಾರೆಯಾಗಿ ಇಳಿಯತೊಡಗಿತು. ಇನ್ನೂ ಸ್ಪರ್ಶ ಬಾರದ ಕೆನ್ನೆಯ ಮೇಲೆ ಅದು ಹರಿಯುವುದು ಅವಳಿಗೆ ತಿಳಿಯುತ್ತಿರಲಿಲ್ಲ. ಕತ್ತಿಗೆ ಬಂದು ತಾಗಿದಾಗ ಬೆಚ್ಚಿ ಮುಟ್ಟಿ ನೋಡಿಕೊಂಡಳು. ಆಮೇಲೆ ಕನ್ನಡಿಯ ಕಡೆ ತಿರುಗಿದಳು. ಅಲ್ಲಿ ಹುಬ್ಬು ಗಂಟಿಕ್ಕದ, ತುಟಿ ನಡುಗದ, ಚಂದದ ಒಂದು ಮುಖ ಒದ್ದೆಯಾಗಿ ಕುಳಿತಿತ್ತು.

ಅಳುವುದನ್ನು ಕಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕಸರತ್ತುಗಳಲ್ಲಿ ನಗುವಿತ್ತು, ಮುತ್ತು ಕೊಡುವುದಿತ್ತು, ದೀಪ ಊದುವುದಿತ್ತು. ಆ ಕೇಂದ್ರದಲ್ಲಿ ಮುಖ ಕಳೆದುಕೊಂಡು ಬಂದವರೆಲ್ಲ ನಗಲು ಕಲಿತು ಹೋಗಿದ್ದರು.

"ನೋಡ್ರಿ ಮೇಡಂ," ಅಂದಳು ತುಳಜಾ. "ಏನೂ ಆಗೇ ಇಲ್ಲ ಅನ್ನೋಹಂಗ ಕುಂತೈತಿ ನೋಡ್ರಿ ಇದು. ನನ್ನ ಮಗ ಹೋಗ್ಯಾನ, ಇದಕ್ಕ ಗೊತ್ತಽ ಇಲ್ಲ." ಉಗುರಿನಿಂದ ಕೆನ್ನೆ ಪರಚಲು ಹೋದಳು. ಮಂದಾಕಿನಿ ಕೈ ಬಿಗಿಯಾಗಿ ಹಿಡಿದುಕೊಂಡಳು.

ಬಾಗಿಲಲ್ಲಿ ಹಳ್ಯಾಳರು ಸಿರಿಂಜು ಹಿಡಿದು ನಿಂತಿದ್ದರು.

"ನನಗ ಅಳಾಕ ಬರವಲ್ದು," ಅಂದಳು ತುಳಜಾ. "ಅಂಬೀನ್ನ ಕರೀರಿ. ಆಕಿ ಮುಖದ ಮ್ಯಾಲೆ ಆ ಪೊರಿ ಇರಾಕ ಬಿಡ್ರಿ. ಆಕಿ ಅಳಲಿ. ನಾ ನನ್ನ ಮಗನಿಗೆ ಅಳಬೇಕ್ರಿ."

"ಸಾಧ್ಯ ಇಲ್ಲ," ಅಂದರು ಹಳ್ಯಾಳ. "ಮಂದಾಕಿನಿ, ಆಕೀನ್ನ ಮಲಗಸ್ರಿ. ಈ ಸ್ಥಿತಿಯೊಳಗ ಸ್ನಾಯುವಿಗೆ ಅಷ್ಟು ಜಗ್ಗಾಟ ಕೊಡೂದು..."

"ಸ್ನಾಯುವಿನ ವಿಚಾರ ನನಗ ಬಿಡ್ರಿ ಸರ್," ಅಂದಳು ಮಂದಾಕಿನಿ. ಹಳ್ಯಾಳರ ಎದುರು ಅವಳು ಅಂಥ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. "ಅದು ನನ್ನ ಕೆಲಸ."

ಅವಳೇ ಹೋಗಿ ಅಂಬಿಕಾಳನ್ನು ಕೈಹಿಡಿದು ಕರೆತಂದಳು. ಗಾಜಿನಾಚೆಯ ಕೋಣೆಗಲ್ಲ, ಅಕ್ಕನ ಕೋಣೆಗೇ. ಮುಖಗವಸು ಹಾಕಿಸಲಿಲ್ಲ. ಒದ್ದೆಯಾಗಿದ್ದ ಪೊರೆಯನ್ನು ಒರೆಸಿ, ಅಂಚುಗಳನ್ನು ಒತ್ತಿ ಸರಿಪಡಿಸಿ, ಅಕ್ಕನ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಸ್ಟೂಲಿನ ಮೇಲೆ ಕೂರಿಸಿದಳು. ಬೆಂಕಿ ಬಿದ್ದ ದಿನದಿಂದ ಅಕ್ಕತಂಗಿಯರು ಇಷ್ಟು ಹತ್ತಿರ ಕೂತಿದ್ದು ಇದೇ ಮೊದಲು. ಮಂದಾಕಿನಿ ನಡುವಿನ ಕೋಣೆಗೆ ಹೋಗಿ ಗುಂಡಿ ಒತ್ತಿ ಸಂಪರ್ಕ ಮತ್ತೆ ಜೋಡಿಸಿದಳು.

ಅಂಬಿಕಾ ತಲೆಯೆತ್ತಿ ಅಕ್ಕನನ್ನು ನೋಡಿದಳು. ಗೊತ್ತಾಗಿದೆಯೋ ಇಲ್ಲವೋ ಎಂಬ ಗಾಬರಿಯಲ್ಲಿ, ಇಷ್ಟು ದಿನ ಅಕ್ಕನ ಕಣ್ಣಿಗೆ ಬಿದ್ದ ಕೂಡಲೇ ಮಾಡಿ ಮಾಡಿ ರೂಢಿಯಾಗಿದ್ದ ಕೆಲಸವನ್ನು ಅವಳ ಮುಖ ತಾನೇ ಮಾಡಿತು. ಅವಳು ನಕ್ಕಳು.

ತುಳಜಾಳ ಮುಖವೂ ನಕ್ಕಿತು. ಕಣ್ಣೀರು ಸುರಿಯುತ್ತಿದ್ದ ಕೆನ್ನೆ ಮೇಲೆದ್ದು, ತುಟಿ ಎರಡೂ ಕಡೆ ಹಿಗ್ಗಿ, ಚೆನ್ನಾಗಿ ಕಲಿತ ಪಾಠದ ಹಾಗೆ ನಕ್ಕಿತು.

"ನಗಬ್ಯಾಡ ಅಂಬಿ," ಎಂದಳು ತುಳಜಾ, ಹಾಗೆ ನಗುನಗುತ್ತಲೇ. "ನನಗ ಗೊತ್ತಾತು. ನಗಬ್ಯಾಡವ್ವಾ ಇನ್ನ."

ಬಾಗಿಲಲ್ಲಿದ್ದ ಹಳ್ಯಾಳರು ಗೋಡೆಯ ಕಡೆ ತಿರುಗಿದರು. ಮಂದಾಕಿನಿ ಗಾಜಿಗೆ ಹಣೆ ಹಚ್ಚಿ ನಿಂತಿದ್ದಳು. ಒಳಗೆ ಅಕ್ಕತಂಗಿಯರ ತುಟಿ ಒಂದೇ ಸಲಕ್ಕೆ ನಡುಗಿತು, ಆ ನಗು ಇಬ್ಬರ ಮುಖದಿಂದಲೂ ಒಟ್ಟಿಗೇ ಹೋಯಿತು.